ಔಟ್‌ಬೋರ್ಡ್ ಮೋಟರ್ ನೀರು ಉಗುಳುತ್ತಿಲ್ಲ: ಬುಡದಿಂದ ತಲೆಯವರೆಗೆ ಹುಡುಕಿದ್ದು

ಮೋಟರ್ 15 ಎಚ್‌ಪಿ ಔಟ್‌ಬೋರ್ಡ್, ಅಂದರೆ ಬೋಟಿನ ಹಿಂದೆ ಹೊರಗಡೆ ಬಿಗಿಯುವಂಥದ್ದು. ಟೂ ಸ್ಟ್ರೋಕ್, ಎರಡು ಸಿಲಿಂಡರ್, ಹಗ್ಗ ಎಳೆದು ಸ್ಟಾರ್ಟ್ ಮಾಡುವಂಥದ್ದು. ಹಮ್ಮಿಗಿ ಬ್ಯಾರೇಜಿನ ಹಿನ್ನೀರಿನಲ್ಲಿ ಮೀನು ಹಿಡಿಯುವವರ ಫೈಬರ್ ಬೋಟಿನದು. ಕರಾವಳಿಯಿಂದ ಸೆಕೆಂಡ್ ಹ್ಯಾಂಡ್ ತಂದಿದ್ದಾರೆ. ಹೊಳೆಗೆ ಬರುವ ಮುಂಚೆ ಎಷ್ಟೋ ವರ್ಷ ಉಪ್ಪುನೀರಿನಲ್ಲಿ ಓಡಿದೆ.

ನಾನು ಮುಂಡರಗಿಯಲ್ಲಿ ಪಂಪ್‌ಸೆಟ್, ಡೀಸೆಲ್ ಇಂಜಿನ್ ರಿಪೇರಿ ಮಾಡುವವನು. ತುಂಗಭದ್ರೆಯ ದಂಡೆಯ ಊರುಗಳಲ್ಲಿ ಮೊದಲಿನಿಂದ ಇರೋದು ತೆಪ್ಪ, ಹರಿಗೋಲು. ಔಟ್‌ಬೋರ್ಡ್ ಗೊತ್ತಿರುವ ಮೆಕ್ಯಾನಿಕ್ ಬೇಕೆಂದರೆ ಕಾರವಾರಕ್ಕೋ ಮಂಗಳೂರಿಗೋ ಹೋಗಬೇಕು. 2019ರ ಆಗಸ್ಟಿನಲ್ಲಿ ಮಲಪ್ರಭೆ ಉಕ್ಕಿದಾಗ ನಮ್ಮ ಜಿಲ್ಲೆಯ ಕೊಣ್ಣೂರು, ಹೊಳೆಆಲೂರು ಕಡೆ ಜನರನ್ನು ಬೋಟಿನಲ್ಲಿ ಹೊರಗೆ ತಂದರು. ಅಂಥ ಹೊತ್ತಿನಲ್ಲಿ ಮೋಟರ್ ಕಾಯ್ದು ನಡುನೀರಿನಲ್ಲಿ ನಿಂತರೆ ಗತಿ ಏನು? ಈ ಕೆಲಸ ನಮ್ಮ ಕಡೆಯವರಿಗೂ ಗೊತ್ತಿರಬೇಕು ಅಂತಲೇ ಅಳತೆ, ಖರ್ಚು ಸಮೇತ ಬರೆದಿಡುತ್ತಿದ್ದೇನೆ.

ಮೋಟರ್ ತಂದ ಕಾಕಾ ಹೇಳಿದ್ದು ಇಷ್ಟೇ: "ನೀರು ಉಗುಳವಲ್ದು ತಮ್ಮಾ. ಸ್ವಲ್ಪ ದೂರ ಹೋಗೋದ್ರಾಗ ಕೈ ಇಡಾಕ ಬರಾಂಗಿಲ್ಲ, ಅಷ್ಟ ಕಾಯ್ತೈತಿ. ಆಮ್ಯಾಲ ತಾನಾ ಬಂದ್ ಆಕ್ಕೈತಿ."

ನೀರು ಹೋಗುವ ದಾರಿ ತಲೆಯಲ್ಲಿ ಇದ್ದರೆ ಅರ್ಧ ಕೆಲಸ ಆದಂತೆ. ಪ್ರೊಪೆಲ್ಲರಿನ ಮೇಲೆ ಗೇರ್ ಕೇಸಿನ (ಗೇರ್ ಇರುವ ಕೆಳಗಿನ ಭಾಗದ) ಎರಡೂ ಮಗ್ಗುಲಲ್ಲಿ ಜಾಲರಿ ಇದೆ. ಅಲ್ಲಿಂದ ನೀರು ಒಳಗೆ ಬರುತ್ತದೆ. ಅದರ ಮೇಲೆ ರಬ್ಬರ್ ಇಂಪೆಲ್ಲರ್ (ನೀರು ತಳ್ಳುವ ರೆಕ್ಕೆಯ ಚಕ್ರ) ಇರುವ ಪಂಪ್. ಪಂಪಿನಿಂದ ಒಂದು ಸಣ್ಣ ಕೊಳವೆ ಮೋಟರಿನ ಕಾಲಿನ (ನೀರಿಗೆ ಇಳಿಯುವ ಉದ್ದ ಭಾಗದ) ಒಳಗಿಂದ ಇಂಜಿನ್ನಿಗೆ ಹೋಗುತ್ತದೆ. ಅಲ್ಲಿ ನೀರು ಬ್ಲಾಕು (ಸಿಲಿಂಡರ್ ಇರುವ ಮೈ), ಹೆಡ್ಡು (ಅದರ ಮುಚ್ಚಳ) ಸುತ್ತಿ, ಥರ್ಮೋಸ್ಟಾಟ್ (ನೀರು ಬಿಸಿಯಾದಾಗ ತಾನೇ ತೆರೆಯುವ ಬಾಗಿಲು) ದಾಟಿ, ಹೊಗೆಯ ಜೊತೆ ಕೆಳಗೆ ಇಳಿಯುತ್ತದೆ. ಹಿಂಬದಿಯಲ್ಲಿ ಹೊರಗೆ ಉಗುಳುವ ಸಣ್ಣ ಧಾರೆ ಇದೆಯಲ್ಲ, ಅದು ಈ ಮೋಟರಿನಲ್ಲಿ ಹೆಡ್ಡಿಗೆ ಹೋಗುವ ಮುಂಚೆಯೇ ಕವಲೊಡೆದು ಬರುವ ನೀರು. ಕೊನೆಗೆ ಇಡೀ ಕೆಲಸ ನಿಂತಿದ್ದು ಇದೊಂದರ ಮೇಲೆ.

1. ಪಾನಾ ಹಿಡಿಯುವ ಮುಂಚೆ

200 ಲೀಟರಿನ ಬ್ಯಾರಲ್ ಮೇಲ್ಭಾಗ ಕತ್ತರಿಸಿ ಶೆಡ್ಡಿನ ಹೊರಗೆ ಇಟ್ಟೆ. ಕಟ್ಟಿಗೆಯ ಸ್ಟ್ಯಾಂಡಿಗೆ ಮೋಟರ್ ಬಿಗಿದು ಕಾಲು ಬ್ಯಾರಲ್ಲಿನಲ್ಲಿ ಇಳಿಯುವಂತೆ ಮಾಡಿದೆ. ಪ್ರೊಪೆಲ್ಲರ್ ಬಿಚ್ಚಿ ಪಕ್ಕಕ್ಕಿಟ್ಟೆ. ಬ್ಯಾರಲ್ಲಿನಲ್ಲಿ ಅದು ತಿರುಗಿದರೆ ನೀರೆಲ್ಲಾ ಹೊರಗೆ ಎರಚುತ್ತದೆ, ಕೈಗೂ ಅಪಾಯ. ಪ್ರೊಪೆಲ್ಲರ್ ಮೇಲೆ ಅಡ್ಡ ಪ್ಲೇಟ್ ಇರುತ್ತದೆ. ನೀರು ಅದಕ್ಕಿಂತ ಎರಡು ಇಂಚು ಮೇಲೆ ನಿಲ್ಲಬೇಕು. ಕಡಿಮೆ ಇದ್ದರೆ ಪಂಪಿಗೆ ನೀರು ಸಿಗುವುದಿಲ್ಲ. ಒಣಗಿದ ಪಂಪಿನಲ್ಲಿ ರಬ್ಬರ್ ಸುಡಲು ನಿಮಿಷವೂ ಬೇಡ. "ಸುಮ್ನೆ ಒಂದ್ಸಲ ಸ್ಟಾರ್ಟ್ ಮಾಡಿ ನೋಡೋಣ" ಅಂತ ನೆಲದ ಮೇಲೆ ಹಗ್ಗ ಎಳೆಯುವವರನ್ನು ಮೊದಲು ತಡೆಯಬೇಕು.

ಹಗ್ಗ ಎಳೆಯುವ ಮುಂಚೆ ಉಗುಳುವ ತೂತಿಗೆ ಬ್ರೇಕ್ ಕೇಬಲಿನ ಒಂದು ಎಳೆ ಹಾಕಿದೆ. ಅರ್ಧ ಇಂಚು ಹೋಗಿ ನಿಂತಿತು. ತಿರುಗಿಸಿ ಎಳೆದರೆ ಕೆಂಪು ಮಣ್ಣಿನ ಪುಡಿ, ಅದರ ಹಿಂದೆ ಒಣಗಿದ ಹುಳದ ಚಿಪ್ಪು. ಕುಂಬಾರ ಹುಳ ಗೂಡು ಕಟ್ಟಿತ್ತು. ಕಿಟಕಿ ಸಂದಿ, ಬೀಗದ ತೂತು ಬಿಡದ ಹುಳ ಇದನ್ನೇಕೆ ಬಿಟ್ಟೀತು? ಬೋಟ್ ಕೆಲವು ವಾರ ದಂಡೆಯ ಮೇಲೆ ಇದ್ದರೆ ಮೊದಲು ನೋಡಬೇಕಾದ ಜಾಗ ಇದೇ. ಖರ್ಚಿಲ್ಲದ ಕೆಲಸ.

ಗೂಡು ತೆಗೆದು ಸ್ಟಾರ್ಟ್ ಮಾಡಿದೆ. ನೀರು ಬಂತು, ಆದರೆ ಧಾರೆ ಅಲ್ಲ, ತೊಟ್ಟಿಕ್ಕುವುದಕ್ಕಿಂತ ಸ್ವಲ್ಪ ಜಾಸ್ತಿ ಅಷ್ಟೇ. ಐಡಲಿನಲ್ಲಿ (ಆಕ್ಸಿಲರೇಟರ್ ಕೊಡದೆ) ಒಂದು ಲೀಟರ್ ಬಾಟಲಿ ತುಂಬಲು 2 ನಿಮಿಷ 40 ಸೆಕೆಂಡ್ ಹಿಡಿಯಿತು. ಇನ್‌ಫ್ರಾರೆಡ್ ಗನ್ನಿನಲ್ಲಿ ಹೆಡ್ಡಿನ ಬಿಸಿ ನೋಡಿದೆ. ಆರನೇ ನಿಮಿಷಕ್ಕೆ 96 ಡಿಗ್ರಿ, ಇನ್ನೂ ಏರುತ್ತಿತ್ತು. ಅಲ್ಲಿಗೇ ಬಂದ್ ಮಾಡಿದೆ.

ತಣ್ಣಗಾದ ಮೇಲೆ ಎರಡೂ ಪ್ಲಗ್ ಬಿಚ್ಚಿ ಕಂಪ್ರೆಶನ್ ಗೇಜ್ ಹಾಕಿದೆ. ಮೇಲಿನ ಸಿಲಿಂಡರ್ 112 ಪಿಎಸ್‌ಐ, ಕೆಳಗಿನದು 104. ಪಿಸ್ಟನ್, ರಿಂಗ್ ಉಳಿದಿವೆ ಎಂದು ಗೊತ್ತಾಯಿತು. ಕಂಪ್ರೆಶನ್ ಹೋಗಿದ್ದರೆ ಮುಂದಿನ ಖರ್ಚು ಮಾಡುವ ಅರ್ಥವೇ ಇರಲಿಲ್ಲ. ಕಾಯುವ ಇಂಜಿನ್ ಬಂದರೆ ಪಂಪ್ ಬಿಚ್ಚುವ ಮುಂಚೆ ಈ ಗೇಜ್ ಹಾಕಲೇಬೇಕು.

2. ಜಾಲರಿ

ಎರಡೂ ಜಾಲರಿಯಲ್ಲಿ ಅಂತರಗಂಗೆಯ ಬೇರು, ಒಂದರಲ್ಲಿ ಕ್ಯಾರಿಬ್ಯಾಗಿನ ಚೂರು. ಹಲ್ಲುಜ್ಜುವ ಹಳೆ ಬ್ರಷ್ಷಿನಲ್ಲಿ ತಿಕ್ಕಿ ತೊಳೆದೆ. ಪ್ರೊಪೆಲ್ಲರ್ ಶಾಫ್ಟಿಗೆ ಟಂಗೂಸಿ ದಾರ ಸುತ್ತಿಕೊಂಡಿತ್ತು. ಅದನ್ನು ಬ್ಲೇಡಿನಿಂದ ಕತ್ತರಿಸಿ ಪೂರ್ತಿ ತೆಗೆದೆ. ಇದಕ್ಕೂ ತಂಪಿಗೂ ಸಂಬಂಧ ಇಲ್ಲ. ಆದರೆ ಈ ದಾರ ಆಯಿಲ್ ಸೀಲಿನ ಒಳಗೆ ಇಳಿದರೆ ಗೇರ್ ಬಾಕ್ಸಿಗೆ ನೀರು ಹೋಗುತ್ತದೆ. ಗೇರ್ ಆಯಿಲ್ ಕಪ್ಪಾಗಿತ್ತು, ಹಾಲಿನ ಬಣ್ಣಕ್ಕೆ ತಿರುಗಿರಲಿಲ್ಲ. ಸೀಲ್ ಸರಿ ಇದೆ ಅಂತಾಯಿತು.

ಜಾಲರಿ ಸ್ವಚ್ಛ ಮಾಡಿದ ಮೇಲೂ ಬಾಟಲಿ ತುಂಬುವ ಹೊತ್ತು ಹೆಚ್ಚೇನೂ ಇಳಿಯಲಿಲ್ಲ. ಕಾಲು ಬಿಚ್ಚಲೇಬೇಕಾಯಿತು.

3. ಕಾಲು ಬಿಚ್ಚಿದ್ದು, ಮುರಿದ ಬೋಲ್ಟ್

ಗೇರ್ ಕೇಸನ್ನು ಹಿಡಿದಿರುವುದು 12ರ ಪಾನಾ ಕೂರುವ ಬೋಲ್ಟುಗಳು. ಬಿಚ್ಚುವ ಮುಂಚೆ ಗೇರ್ ಹಾಕುವ ಸರಳಿನ ಜೋಡಣೆ ಬಿಡಿಸಬೇಕು. ಬಿಡಿಸದೆ ಎಳೆದರೆ ಸರಳು ಬಾಗುತ್ತದೆ. ಲಾಕ್ ನಟ್ ಎಲ್ಲಿತ್ತೋ ಅಲ್ಲಿ ಬಿಳಿ ಪೇಂಟಿನಿಂದ ಗುರುತು ಮಾಡಿದೆ.

ಉಪ್ಪುನೀರಿನ ಮೋಟರ್ ಅಂದೆನಲ್ಲ, ಅದರ ಬೆಲೆ ಇಲ್ಲಿ ಕಟ್ಟಬೇಕಾಯಿತು. ಸ್ಟೀಲ್ ಬೋಲ್ಟು, ಅಲ್ಯೂಮಿನಿಯಂ ಮೈ, ನಡುವೆ ಬಿಳಿ ಪುಡಿ. ತುಕ್ಕು ಬಿಡಿಸುವ ಸ್ಪ್ರೇ ಹೊಡೆದು ರಾತ್ರಿಯಿಡೀ ಬಿಟ್ಟೆ. ಮರುದಿನ ಹಾಟ್ ಏರ್ ಗನ್ನಿನಿಂದ ಸುತ್ತ ಬಿಸಿ ಮಾಡಿ, ಸ್ವಲ್ಪ ಬಿಚ್ಚಿ, ಮತ್ತೆ ಬಿಗಿದು, ಮತ್ತೆ ಸ್ವಲ್ಪ ಬಿಚ್ಚಿ ಹೊರಗೆ ತಂದೆ. ಗೇರ್ ಕೇಸ್ ಬಿಟ್ಟಿತು. ಪಂಪ್ ಮನೆಯ (ಇಂಪೆಲ್ಲರ್ ಮುಚ್ಚಿರುವ ಕವಚದ) ನಾಲ್ಕು ಬೋಲ್ಟಿನಲ್ಲಿ ಮೂರು ಬಂದವು. ನಾಲ್ಕನೆಯದರ ತಲೆ ಕಿತ್ತು ಬಂತು.

ಉಳಿದ ತುಂಡು ಮೂರು ಎಂಎಂ ಹೊರಗೆ ಕಾಣುತ್ತಿತ್ತು. ಪಕ್ಕಡ್ ಜಾರಿತು. ನಡುವೆ ತೂತು ಕೊರೆದು ಉಲ್ಟಾ ಥ್ರೆಡ್ಡಿನ ಎಕ್ಸ್‌ಟ್ರಾಕ್ಟರ್ (ಮುರಿದ ಬೋಲ್ಟ್ ಕೀಳುವ ಸಾಧನ) ಹಾಕಿದೆ, ಅದೂ ಹಿಡಿಯಲಿಲ್ಲ. ಇನ್ನೂ ಒತ್ತಿದ್ದರೆ ಎಕ್ಸ್‌ಟ್ರಾಕ್ಟರೇ ಒಳಗೆ ಮುರಿಯುತ್ತಿತ್ತು. ಅದು ಮುರಿದರೆ ಡ್ರಿಲ್ ಕೂಡ ಕೊರೆಯುವುದಿಲ್ಲ. ಅಷ್ಟಕ್ಕೆ ನಿಲ್ಲಿಸಿ ಪಕ್ಕದ ವೆಲ್ಡಿಂಗ್ ಅಂಗಡಿಯ ಹುಡುಗನನ್ನು ಕರೆದೆ. ತುಂಡಿನ ಮೇಲೆ ಒಂದು ಸೈಜ್ ದೊಡ್ಡ ನಟ್ ಇಟ್ಟು, ಒಳಗಿನಿಂದ ಎರಡು ಚುಕ್ಕೆ ವೆಲ್ಡ್ ಹಾಕಿದ. ಸುತ್ತ ಒದ್ದೆ ಗೋಣಿ ಬಟ್ಟೆ ಸುತ್ತಿದ್ದೆವು. ಕೆಂಪು ಆರುವ ಹೊತ್ತಿಗೆ ಪಾನಾ ಹಾಕಿ ತಿರುಗಿಸಿದರೆ ಟಕ್ ಅಂತ ಬಿಟ್ಟಿತು. ಬೋಲ್ಟು ಕಾಯ್ದು ಹಿಗ್ಗಿ, ಮತ್ತೆ ಕುಗ್ಗಿದಾಗ ಬಿಳಿ ಪುಡಿಯ ಹಿಡಿತ ಒಡೆಯುತ್ತದೆ. ಉಪ್ಪು ತಿಂದ ಬೋಲ್ಟಿಗೆ ನನಗೆ ಗೊತ್ತಿರುವ ಒಳ್ಳೆಯ ಉಪಾಯ ಇದೇ. ಹೊಸ ಸ್ಟೇನ್‌ಲೆಸ್ ಬೋಲ್ಟ್ ಸೇರಿ 230 ರೂಪಾಯಿ.

4. ಪಂಪಿನ ಒಳಗೆ

ಮೇಲಿನ ಮನೆ ಎತ್ತಿದ ಕೂಡಲೇ ಕಂಡಿದ್ದು ಹೊಳೆಯ ಉಸುಕು, ಅರ್ಧ ಚಮಚದಷ್ಟು. ಕಪ್ಪತಗುಡ್ಡದ ಕಡೆ ಮಳೆಯಾದರೆ ಹಳ್ಳದ ನೀರು ಕೆಂಪಾಗಿ ಹೊಳೆಗೆ ಸೇರುತ್ತದೆ. ಆ ರೇವೆ ನೀರನ್ನು ಈ ಪಂಪ್ ಮಳೆಗಾಲ ಪೂರ್ತಿ ಎಳೆದಿದೆ.

ಇಂಪೆಲ್ಲರಿಗೆ ಆರು ರೆಕ್ಕೆ. ಮೂರು ಬುಡದವರೆಗೆ ಕಿತ್ತುಹೋಗಿದ್ದವು. ಉಳಿದ ಮೂರು ಒಂದೇ ಕಡೆಗೆ ಬಾಗಿ ಹಾಗೇ ಸೆಟೆದಿದ್ದವು. ಉಗುರಿನಿಂದ ಒತ್ತಿದರೆ ಗಟ್ಟಿ ಪ್ಲಾಸ್ಟಿಕ್ಕಿನಂತೆ ಶಬ್ದ ಬರುತ್ತಿತ್ತು. ಕಬ್ಬಿಣದ ಇಂಪೆಲ್ಲರ್ ನೋಡಿ ಅಭ್ಯಾಸ ಇರುವ ನನಗೆ ಇದು ಬೇರೆ ಲೋಕ. ನಮ್ಮ ಪಂಪ್‌ಸೆಟ್ಟಿನಲ್ಲಿ ಇಂಪೆಲ್ಲರ್ ಕೇಸಿಂಗಿಗೆ ತಾಗಬಾರದು. ಇಲ್ಲಿ ತಾಗಲೇಬೇಕು. ಸುತ್ತಲಿನ ಸ್ಟೀಲ್ ಕಪ್ಪಿನ (ಬಟ್ಟಲಿನ) ನಡುವೆ ಅಲ್ಲ, ಒಂದು ಮಗ್ಗುಲಿಗೆ ಕೂತಿರುತ್ತದೆ. ರೆಕ್ಕೆ ಬಾಗುತ್ತ, ಬಿಚ್ಚುತ್ತ ನೀರು ತಳ್ಳುತ್ತದೆ. ಬಾಗುವ ಗುಣ ಹೋದ ರಬ್ಬರಿಗೆ ಬೆಲೆ ಇಲ್ಲ, ರೆಕ್ಕೆ ಎಲ್ಲಾ ಇದ್ದರೂ ಇಲ್ಲ.

ವರ್ನಿಯರ್ ಹಿಡಿದರೆ ಇನ್ನೊಂದು ಸಂಗತಿ ಸಿಕ್ಕಿತು. ಇಂಪೆಲ್ಲರಿನ ಎತ್ತರ ಕಪ್ಪಿನ ಆಳಕ್ಕಿಂತ ಒಂದೂವರೆ ಎಂಎಂ ಕಡಿಮೆ. ಅಂದರೆ ಇದು ಈ ಮೋಟರಿನದ್ದೇ ಅಲ್ಲ. ಮಾರುವ ಮುಂಚೆ ಯಾರೋ ಬೇರೆ ಮಾಡೆಲ್ಲಿನದು ಕೂರಿಸಿದ್ದಾರೆ. ಶಾಫ್ಟಿಗೆ ಹೊಂದಿದೆ, ಶಾಫ್ಟಿಗೆ ಹಿಡಿಸುವ ಕೀ ಕೂತಿದೆ, ತಿರುಗಿದೆ. ಆದರೆ ರೆಕ್ಕೆಯ ಮೇಲಿಂದ ನೀರು ವಾಪಸ್ ಜಾರುತ್ತದೆ. ಹೊಸದು ತರಿಸುವಾಗ ಮೋಟರಿನ ಕ್ಲಾಂಪ್ ಮೇಲಿನ ಮಾಡೆಲ್ ಪ್ಲೇಟಿನ ಫೋಟೋ ಕಳಿಸಬೇಕು. ಹಳೆ ಇಂಪೆಲ್ಲರ್ ಅಳತೆ ನಂಬಬಾರದು.

ಸ್ಟೀಲ್ ಕಪ್ಪಿನ ಒಳಮೈಯಲ್ಲಿ ಸುತ್ತ ಗೆರೆ ಬಿದ್ದಿತ್ತು. ಕೆಳಗಿನ ಪ್ಲೇಟಿನಲ್ಲಿ ರೆಕ್ಕೆ ಓಡಾಡುವ ದಾರಿ ಉಗುರಿಗೆ ಸಿಗುವಷ್ಟು ಸವೆದಿತ್ತು.

ಈಗ ಮುಖ್ಯ ಪ್ರಶ್ನೆ. ಮೂರು ರೆಕ್ಕೆ ಎಲ್ಲಿ? ಪಂಪಿನಲ್ಲಿ ಇಲ್ಲ ಅಂದರೆ ನೀರಿನ ಜೊತೆ ಮೇಲೆ ಹೋಗಿವೆ. ಕೊಳವೆಯೊಳಗೆ ಸೈಕಲ್ ಕಡ್ಡಿಯ ತುದಿ ಬಗ್ಗಿಸಿ ಹಾಕಿದೆ. ಮೇಲಿನ ತುದಿಯ ರಬ್ಬರ್ ಸೀಲಿನ ಹತ್ತಿರ ಎರಡು ತುಂಡು ಒಂದರ ಮೇಲೊಂದು ಸಿಕ್ಕಿಕೊಂಡಿದ್ದವು. ಮುರಿದ ಜಾಗಕ್ಕೆ ಇಟ್ಟು ನೋಡಿದೆ, ಸರಿಯಾಗಿ ಕೂತವು. ಮೂರನೆಯದು ಸಿಗಲಿಲ್ಲ. "ಎಂದೋ ಹೊರಗ ಹೋಗಿರ್ತೈತಿ ಬಿಡೋ" ಅಂದರು ಕಾಕಾ. ಇರಬಹುದು. ಆದರೂ ಶೆಡ್ಡಿನ ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ "ಒಂದು ರೆಕ್ಕೆ ಬಾಕಿ" ಅಂತ ಬರೆದಿಟ್ಟೆ.

ಕಾಲು ಹೊರಗಿದ್ದಾಗಲೇ ಓವರ್‌ಹೆಡ್ ಟ್ಯಾಂಕಿನ ಪೈಪನ್ನು ಕೊಳವೆಯ ಕೆಳತುದಿಗೆ ಕ್ಲಿಪ್ ಹಾಕಿ ಕೂರಿಸಿ ನೀರು ಬಿಟ್ಟೆ. ಉಗುಳುವ ತೂತಿನಿಂದ ಒಳ್ಳೆಯ ಧಾರೆ ಬಂತು. ಈ ಪರೀಕ್ಷೆಗೆ ಇಂಜಿನ್ ಸ್ಟಾರ್ಟ್ ಮಾಡಬೇಕಿಲ್ಲ. ದೋಷ ಪಂಪಿನ ಕೆಳಗಿದೆಯೋ ಮೇಲಿದೆಯೋ ಎಂದು ಐದು ನಿಮಿಷದಲ್ಲಿ ಅಂದಾಜು ಸಿಗುತ್ತದೆ. ಅಂದಾಜು ಮಾತ್ರ. ಯಾಕೆ ಅಂತ ಮುಂದೆ ಬರುತ್ತದೆ.

5. ಇಂಪೆಲ್ಲರ್ ಮಾತ್ರ ಹಾಕಿ ನೋಡಿದ್ದು

ಹುಬ್ಬಳ್ಳಿಯಲ್ಲಿ ಬೇರಿಂಗು, ಆಯಿಲ್ ಸೀಲು, ಪಂಪಿನ ಸಾಮಾನು ಏನು ಕೇಳಿದರೂ ಸಿಗುತ್ತದೆ. ಔಟ್‌ಬೋರ್ಡ್ ಇಂಪೆಲ್ಲರ್ ಸಿಗಲಿಲ್ಲ. ಮಂಗಳೂರಿನಿಂದ ಕೊರಿಯರ್ ತರಿಸಬೇಕಾಯಿತು. ಇಂಪೆಲ್ಲರ್ ಮಾತ್ರ ಆದರೆ 950, ಕಪ್ಪು, ಪ್ಲೇಟು, ಕೀ, ಪ್ಯಾಕಿಂಗ್ ಸಮೇತ ಪೂರ್ತಿ ಕಿಟ್ ಆದರೆ 2,900. ಮೀನಿನ ಸೀಜನ್ ಕೈಕೊಟ್ಟಿದೆ, ಸದ್ಯ ಕಡಿಮೆ ಖರ್ಚಿನದು ನೋಡು ಅಂದರು ಕಾಕಾ. ಇಂಪೆಲ್ಲರ್ ಮಾತ್ರ ತರಿಸಿದೆವು.

ಸವೆದ ಪ್ಲೇಟನ್ನು ದಪ್ಪ ಗಾಜಿನ ಮೇಲೆ 400ರ ಎಮರಿ ಪೇಪರ್ ಅಂಟಿಸಿ, ನೀರು ಹಾಕಿ, ಎಂಟರ ಆಕಾರದಲ್ಲಿ ತಿಕ್ಕಿದೆ. ಗೆರೆ ಕಡಿಮೆಯಾಯಿತು, ಹೋಗಲಿಲ್ಲ. ಪೂರ್ತಿ ಹೋಗುವವರೆಗೆ ತಿಕ್ಕಿದರೆ ಪ್ಲೇಟೇ ತೆಳ್ಳಗಾಗಿ ಮತ್ತೆ ಸಂದಿ ಬೀಳುತ್ತದೆ.

ಜೋಡಿಸಿ ಬ್ಯಾರಲ್ಲಿಗೆ ಇಳಿಸಿದೆ. ಒಂದು ಲೀಟರಿಗೆ 58 ಸೆಕೆಂಡ್. ಧಾರೆ ನೋಡಿ ಕಾಕಾನ ಮುಖ ಅರಳಿತು. ಬೋಟಿಗೆ ಏರಿಸೋಣ ಅಂದರು. ನಾನು ಗನ್ ಹಿಡಿದು ನಿಂತೆ. ಬ್ಲಾಕಿನ ಕೆಳಭಾಗ 60 ಡಿಗ್ರಿ. ಹೆಡ್ಡಿನಲ್ಲಿ ಕೆಳಗಿನ ಸಿಲಿಂಡರ್ ಹತ್ತಿರ 91.

ಧಾರೆ ಚೆನ್ನಾಗಿದೆ, ಹೆಡ್ಡು ಕಾಯುತ್ತಿದೆ. ಉಗುಳುವ ನೀರು ಹೆಡ್ಡಿಗೆ ಹೋಗುವ ಮುಂಚೆಯೇ ಕವಲೊಡೆದು ಬಂದದ್ದು. ಪಂಪ್ ನೀರು ಎತ್ತುತ್ತಿದೆ ಅನ್ನುವುದಕ್ಕೆ ಮಾತ್ರ ಅದು ಸಾಕ್ಷಿ. ಹೆಡ್ಡಿನೊಳಗೆ ನೀರು ಓಡಾಡುತ್ತಿದೆ ಅನ್ನುವುದಕ್ಕೆ ಅಲ್ಲ. ಧಾರೆ ನೋಡಿ ಬೋಟ್ ಬಿಡುವವರು ಇದನ್ನು ಗಮನದಲ್ಲಿ ಇಟ್ಟುಕೊಳ್ಳಬೇಕು. ಧಾರೆ ಇಲ್ಲದಿದ್ದರೂ ಇಂಜಿನ್ ತಂಪಾಗಿ ಇರಬಹುದು, ಹುಳದ ಗೂಡಿನಿಂದ. ಧಾರೆ ಇದ್ದೂ ಇಂಜಿನ್ ಸುಡಬಹುದು, ಇದೋ ಹೀಗೆ. 900 ರೂಪಾಯಿಯ ಗನ್ ಇಲ್ಲದಿದ್ದರೆ ಆವತ್ತೇ ಮೋಟರ್ ಹೊಳೆಗೆ ಹೋಗುತ್ತಿತ್ತು.

6. ಹೆಡ್ಡು

ಮೊದಲು ಥರ್ಮೋಸ್ಟಾಟ್ ಮುಚ್ಚಳ ಬಿಚ್ಚಿದೆ. ಥರ್ಮೋಸ್ಟಾಟ್ ಮೇಲೆ 52 ಎಂದು ಕೊರೆದಿತ್ತು. ಪಾತ್ರೆಯಲ್ಲಿ ನೀರು ಕಾಯಿಸಿ, ದಾರದಲ್ಲಿ ಇಳಿಬಿಟ್ಟು, ಪಕ್ಕದಲ್ಲಿ ಥರ್ಮಾಮೀಟರ್ ಹಿಡಿದೆ. 52 ದಾಟಿತು, 60 ದಾಟಿತು, 75ಕ್ಕೂ ಬಾಯಿ ಬಿಡಲಿಲ್ಲ. ಸುತ್ತ ಬಿಳಿ ಉಪ್ಪಿನ ಪದರ ಕಟ್ಟಿತ್ತು, ಬೋರ್‌ವೆಲ್ ನೀರಿನ ಸೋಲಾರ್ ಪೈಪಿನಲ್ಲಿ ಕಟ್ಟುತ್ತದಲ್ಲ, ಹಾಗೆ. ನಿಂಬೆ ಉಪ್ಪಿನ ನೀರಲ್ಲಿ ನೆನೆಸಿದ ಮೇಲೆ 66ಕ್ಕೆ ತೆರೆಯಿತು, ಅದೂ ಅರೆಬರೆ. ಹೊಸದು ಬೇಕು.

ಥರ್ಮೋಸ್ಟಾಟ್ ಕಿತ್ತು ಬಿಸಾಕಿ ಹಾಗೇ ಓಡಿಸಿ ಅನ್ನುವವರು ಇದ್ದಾರೆ. ನಾನು ಒಪ್ಪುವುದಿಲ್ಲ. ಇಂಜಿನ್ ಅತಿ ತಂಪಾಗಿ ಓಡಿದರೆ ಟೂ ಸ್ಟ್ರೋಕ್ ಪ್ಲಗ್ ಎಣ್ಣೆ ಹಿಡಿದು ಮಿಸ್ ಹೊಡೆಯುತ್ತದೆ. ಅದೂ ಅಲ್ಲದೆ, ನೀರಿನ ದಾರಿ ಬೇರೆ ಕಡೆ ಕಟ್ಟಿದ್ದರೆ ಥರ್ಮೋಸ್ಟಾಟ್ ತೆಗೆದೂ ಪ್ರಯೋಜನ ಇಲ್ಲ. ಇಲ್ಲಿ ಹಾಗೇ ಇತ್ತು. ತೆಗೆದು ಮುಚ್ಚಳ ಹಾಕಿ ಬ್ಯಾರಲ್ಲಿನಲ್ಲಿ ಓಡಿಸಿ ನೋಡಿದೆ. ಮೇಲಿನ ಸಿಲಿಂಡರ್ ತಂಪಾಯಿತು, ಕೆಳಗಿನದರ ಹತ್ತಿರ 80ರ ಮೇಲೇ ನಿಂತಿತು. ಗೋಡೆಯ ಮೇಲಿನ ಸೀಮೆಸುಣ್ಣದ ಬರಹ ಮತ್ತೆ ಓದಿದೆ.

ಹೆಡ್ ಬೋಲ್ಟುಗಳಿಗೂ ಅದೇ ಸ್ಪ್ರೇ, ಅದೇ ಬಿಸಿ, ಅದೇ ತಾಳ್ಮೆ. ಎಲ್ಲಾ ಮುರಿಯದೆ ಬಂದವು. ಹೆಡ್ಡು ಎತ್ತಿದರೆ ಸಿಲಿಂಡರ್ ಸುತ್ತ ನೀರು ಓಡಾಡುವ ಕಾಲುವೆ ಪೂರ್ತಿ ಕಣ್ಣಿಗೆ ಬಿತ್ತು. ಕೆಳಗಿನ ಸಿಲಿಂಡರಿನ ಎಡ ಮಗ್ಗುಲಲ್ಲಿ ಉಪ್ಪಿನ ಹಕ್ಕಳೆ, ಅದಕ್ಕೆ ಅಂಟಿದ ಕೆಂಪು ರೇವೆ, ಅದರ ನಡುವೆ ಕಪ್ಪಗೆ ಏನೋ. ಮೂಗು ಪಕ್ಕಡಿನಿಂದ ಎಳೆದೆ. ರಬ್ಬರ್ ರೆಕ್ಕೆ, ಹೆಬ್ಬೆರಳ ಉಗುರಿನಷ್ಟು. ಹಳೆ ಇಂಪೆಲ್ಲರಿಗೆ ಇಟ್ಟು ನೋಡಿದೆ. ಮೂರನೆಯದು. ರೆಕ್ಕೆ ಮೊದಲು ಸಿಕ್ಕಿಕೊಂಡಿದೆ, ಅದರ ಹಿಂದೆ ರೇವೆ ನಿಂತಿದೆ, ಆ ಮಗ್ಗುಲಿಗೆ ನೀರೇ ಇಲ್ಲ. ಓವರ್‌ಹೆಡ್ ಟ್ಯಾಂಕಿನ ಪರೀಕ್ಷೆಯಲ್ಲಿ ಇದು ಸಿಗದಿದ್ದದ್ದು ಏಕೆಂದರೆ ನೀರು ಸುಲಭದ ದಾರಿ ಹಿಡಿದು ಉಗುಳುವ ತೂತಿನಿಂದ ಹೊರಗೆ ಹೋಗಿತ್ತು. ಆ ಪರೀಕ್ಷೆ ಮಾಡುವಾಗ ಉಗುಳುವ ತೂತನ್ನು ಬೆರಳಿನಿಂದ ಮುಚ್ಚಿ, ಥರ್ಮೋಸ್ಟಾಟ್ ಜಾಗದಲ್ಲಿ ಎಷ್ಟು ನೀರು ಬರುತ್ತದೆ ಎಂದೂ ನೋಡಬೇಕು. ಹಾಗೆ ನೋಡಿದರೆ ಮಾತ್ರ ಆ ಪರೀಕ್ಷೆ ಪೂರ್ತಿ.

ಉಪ್ಪಿನ ಪದರ ಬಿಡಿಸಲು ಲೀಟರ್ ಬಿಸಿನೀರಿಗೆ 50 ಗ್ರಾಂ ನಿಂಬೆ ಉಪ್ಪು. ಹೆಡ್ಡನ್ನು ಬಕೆಟ್ಟಿನಲ್ಲಿ 20 ನಿಮಿಷ ಮುಳುಗಿಸಿದೆ, ಬ್ಲಾಕಿನ ಕಾಲುವೆಗೆ ಪಿಚಕಾರಿಯಿಂದ ಬಿಟ್ಟೆ. ನೊರೆ ಬರುವುದು ನಿಂತ ಮೇಲೆ ತೊಳೆದು, ಅಡಿಗೆ ಸೋಡಾ ನೀರು ಹಾಕಿ, ಮತ್ತೆ ತೊಳೆದೆ. ಬಾತ್‌ರೂಮ್ ಆಸಿಡ್ ಹಾಕಬೇಡಿ, ದಯವಿಟ್ಟು. ಅದು ಆ ಪದರದ ಜೊತೆ ಅಲ್ಯೂಮಿನಿಯಂ ಕೂಡ ತಿನ್ನುತ್ತದೆ. ಆಮೇಲೆ ಥರ್ಮೋಸ್ಟಾಟ್ ಕಡೆಯಿಂದ ಕೆಳಮುಖವಾಗಿ, ಉಲ್ಟಾ ನೀರು ಬಿಟ್ಟೆ. ಉಸುಕು, ಉಪ್ಪಿನ ಹಕ್ಕಳೆ ಕೊಳವೆಯಿಂದ ಬರುತ್ತಲೇ ಇತ್ತು. ನೀರು ತಿಳಿಯಾಗುವವರೆಗೆ ನಿಲ್ಲಿಸಲಿಲ್ಲ.

ಹೆಡ್ಡಿನ ಮೈ ಮೇಲೆ ಸ್ಟೀಲ್ ಸ್ಕೇಲ್ ಅಡ್ಡ ಇಟ್ಟು ಫೀಲರ್ ಗೇಜ್ (ಸಂದಿ ಅಳೆಯುವ ತೆಳು ಸ್ಟೀಲ್ ಎಲೆ) ತೂರಿಸಿದೆ. ನಡುವೆ 0.15 ಎಂಎಂ ಹೋಯಿತು. ಕಾಯ್ದು ಸೊಟ್ಟಗಾಗಿದೆ. 0.1 ಎಂಎಂ ದಾಟಿದರೆ ಹಾಗೇ ಕೂರಿಸಬಾರದು. ಅದೇ ಗಾಜು, ಅದೇ ಎಮರಿ. ಈ ಸಲ 400, ಆಮೇಲೆ 600. ಮೈಯೆಲ್ಲಾ ಒಂದೇ ಬಣ್ಣಕ್ಕೆ ಬಂದ ಮೇಲೆ 0.05ರ ಎಲೆಯೂ ತೂರಲಿಲ್ಲ.

7. ಜೋಡಣೆ

ಕಾಕಾ ಈಗ ಪೂರ್ತಿ ಕಿಟ್ ತರಿಸೋಣ ಅಂದರು. ಮೂರನೇ ರೆಕ್ಕೆಯನ್ನು ಅವರೇ ಕೈಯಲ್ಲಿ ಹಿಡಿದು ನೋಡಿದ್ದರು. ಕಿಟ್, ಥರ್ಮೋಸ್ಟಾಟ್, ಹೆಡ್ ಗ್ಯಾಸ್ಕೆಟ್ ಒಂದೇ ಪಾರ್ಸೆಲ್ಲಿನಲ್ಲಿ ಬಂದವು. ಥರ್ಮೋಸ್ಟಾಟ್ ಮುಚ್ಚಳದ ಪ್ಯಾಕಿಂಗ್ ಬರಲಿಲ್ಲ. ಪ್ಯಾಕಿಂಗ್ ಶೀಟನ್ನು ಮುಚ್ಚಳದ ಮೇಲೆ ಇಟ್ಟು, ಗುಂಡು ತಲೆಯ ಸುತ್ತಿಗೆಯಿಂದ ಅಂಚಿನ ಮೇಲೆ ಮೆಲ್ಲಗೆ ಬಡಿದು ಕತ್ತರಿಸಿಕೊಂಡೆ. ಡೀಸೆಲ್ ಇಂಜಿನ್ನಿಗೆ ದಿನಾ ಮಾಡುವ ಕೆಲಸ.

ಪಂಪ್ ಕೂರಿಸುವಾಗ ಗಮನಿಸಬೇಕಾದದ್ದು ಮೂರು.

ಇಂಪೆಲ್ಲರಿಗೆ ಸೋಪಿನ ನೀರು ಹಚ್ಚಿ, ಕಪ್ಪನ್ನು ಮೇಲಿಂದ ಇಳಿಸುವಾಗ ಶಾಫ್ಟನ್ನು ಗಡಿಯಾರದ ಮುಳ್ಳಿನ ದಿಕ್ಕಿಗೆ ತಿರುಗಿಸುತ್ತ ಇಳಿಸಬೇಕು. ಆಗ ರೆಕ್ಕೆಗಳು ಸರಿಯಾದ ಕಡೆಗೆ ಬಾಗಿ ಒಳಗೆ ಹೋಗುತ್ತವೆ. ಅರ್ಧಚಂದ್ರದ ಕೀ ಜಾರಿ ಬೀಳದಂತೆ ಒಂದು ಚುಕ್ಕೆ ಗ್ರೀಸ್ ಸಾಕು.

ಶಾಫ್ಟಿನ ಹಲ್ಲುಗಳ ಮಗ್ಗುಲಿಗೆ ಗ್ರೀಸ್ ಹಚ್ಚಬೇಕು, ತುದಿಯ ಮೇಲೆ ಬೇಡ. ತುದಿಯಲ್ಲಿ ಗ್ರೀಸ್ ತುಂಬಿದರೆ ಶಾಫ್ಟ್ ಪೂರ್ತಿ ಮೇಲೆ ಕೂರುವುದಿಲ್ಲ. ಬೋಲ್ಟ್ ಬಿಗಿದಾಗ ಕ್ರ್ಯಾಂಕ್‌ಶಾಫ್ಟಿನ ಮೇಲೆ ಒತ್ತಡ ಬೀಳುತ್ತದೆ.

ಇನ್ನು ಕೊಳವೆ. ಗೇರ್ ಕೇಸ್ ಮೇಲೆ ತಳ್ಳುವಾಗ ಕೊಳವೆಯ ಬಾಯಿ ಪಂಪಿನ ರಬ್ಬರಿನೊಳಗೆ ಹೋಗಲೇಬೇಕು. ಪಕ್ಕಕ್ಕೆ ಜಾರಿದರೆ ಪಂಪ್ ಎತ್ತಿದ ನೀರೆಲ್ಲಾ ಕಾಲಿನ ಒಳಗೇ ಸುರಿಯುತ್ತದೆ. ಮೇಲೆ ಹನಿಯೂ ಹೋಗುವುದಿಲ್ಲ. ಒಬ್ಬರು ಕೆಳಗಿಂದ ತಳ್ಳಬೇಕು, ಒಬ್ಬರು ಟಾರ್ಚ್ ಬಿಟ್ಟು ನೋಡಬೇಕು. ಕಾಕಾ ಟಾರ್ಚ್ ಹಿಡಿದರು, "ಕೂತ್ತು, ಕೂತ್ತು" ಅಂದ ಮೇಲೆ ಬೋಲ್ಟ್ ಹಾಕಿದೆ.

ಹೆಡ್ ಬೋಲ್ಟನ್ನು ನಡುವಿನಿಂದ ಹೊರಗೆ, ಎರಡು ಸುತ್ತಿನಲ್ಲಿ ಬಿಗಿದೆ. ಎಲ್ಲಾ ಬೋಲ್ಟಿಗೂ ನೀರಿಗೆ ತಡೆಯುವ ಗ್ರೀಸ್, ಮುಂದೆ ಬಿಚ್ಚುವವರಿಗೆ ಕಷ್ಟ ಆಗದಿರಲಿ ಅಂತ. ಹೊಸ ಗೇರ್ ಆಯಿಲನ್ನು ಕೆಳಗಿನ ತೂತಿನಿಂದ ಒತ್ತಿ ಮೇಲಿನ ತೂತಿನಿಂದ ಬರುವವರೆಗೆ ತುಂಬಿದೆ.

ಬ್ಯಾರಲ್ಲಿನಲ್ಲಿ ಬಂದ ಲೆಕ್ಕ: ಐಡಲಿನಲ್ಲಿ ಒಂದು ಲೀಟರಿಗೆ 34 ಸೆಕೆಂಡ್. 20 ನಿಮಿಷ ಓಡಿದ ಮೇಲೆ ಮೇಲಿನ ಸಿಲಿಂಡರ್ ಹತ್ತಿರ 55 ಡಿಗ್ರಿ, ಕೆಳಗಿನದರ ಹತ್ತಿರ 57. ಎರಡರ ನಡುವೆ ಎರಡೇ ಡಿಗ್ರಿ ಅಂತರ. ನನಗೆ ಸಮಾಧಾನ ಕೊಟ್ಟದ್ದು ಧಾರೆಗಿಂತ ಈ ಅಂಕಿ.

8. ಹೊಳೆಯಲ್ಲಿ ಮತ್ತೆ ತೊಂದರೆ

ಹಮ್ಮಿಗಿಗೆ ಒಯ್ದು ಬೋಟಿಗೆ ಬಿಗಿದೆವು. ನಿಧಾನ ಹೋಗುವಾಗ ಎಲ್ಲಾ ಸರಿ. ಪೂರ್ತಿ ಆಕ್ಸಿಲರೇಟರ್ ಕೊಟ್ಟು ಬೋಟಿನ ಮೂತಿ ಎದ್ದ ಕೂಡಲೇ ಧಾರೆ ತುಂಡು ತುಂಡಾಗಿ, ಗಾಳಿ ಸೇರಿ ಬರತೊಡಗಿತು. ಇಂಜಿನ್ ಸದ್ದೂ ಸುಮ್ಮನೆ ಏರಿತು, ಬೋಟ್ ಮಾತ್ರ ಜೋರಾಗಲಿಲ್ಲ. ತಿರುವಿನಲ್ಲಿ ಇನ್ನೂ ಜಾಸ್ತಿ.

ಮೋಟರಿನ ಕಾಯಿಲೆ ಅಲ್ಲ ಇದು. ದಂಡೆಗೆ ತಂದು ಹಿಂದಿನ ಹಲಗೆ ನೋಡಿದೆ. ಮೋಟರ್ ಕೂರುವ ಜಾಗದಲ್ಲಿ ಎರಡೂವರೆ ಇಂಚಿನ ಮರದ ತುಂಡು ಇಟ್ಟು ಎತ್ತರಿಸಿದ್ದರು. ಬೇಸಿಗೆಯಲ್ಲಿ ನೀರು ಇಳಿದಾಗ ಕಲ್ಲಿಗೆ ಬಡಿಯಬಾರದು ಅಂತ ಮಾಡಿದ ಉಪಾಯ. ಬೋಟಿನ ತಳಕ್ಕೆ ನೇರ ಪಟ್ಟಿ ಇಟ್ಟು ಅಳೆದರೆ ಅಡ್ಡ ಪ್ಲೇಟ್ ತಳಕ್ಕಿಂತ ಒಂದೂವರೆ ಇಂಚು ಮೇಲೆ ಇತ್ತು. ಅದು ತಳದ ಸಮಕ್ಕೆ ಅಥವಾ ಒಂದು ಇಂಚು ಕೆಳಗೆ ಇರಬೇಕು. ಮೇಲಿದ್ದರೆ ವೇಗದಲ್ಲಿ ಜಾಲರಿ ನೀರಿನ ಜೊತೆ ಗಾಳಿ ಎಳೆಯುತ್ತದೆ. ಹಳೆ ಇಂಪೆಲ್ಲರಿನ ರೆಕ್ಕೆ ಹಾಗೆ ಸೆಟೆದು ಮುರಿಯಲು ಈ ಗಾಳಿಯೂ ಕಾರಣ ಇರಬೇಕು ಎಂದು ನನ್ನ ಅಂದಾಜು.

ಮರದ ತುಂಡು ತೆಗೆದು ಮೋಟರನ್ನು ಹಲಗೆಯ ಮೇಲೆ ನೇರ ಕೂರಿಸಿದೆವು. ಪ್ಲೇಟ್ ಈಗ ತಳದಿಂದ ಒಂದು ಇಂಚು ಕೆಳಗೆ. ಪೂರ್ತಿ ಜೋರಿನಲ್ಲೂ ಧಾರೆ ಒಡೆಯಲಿಲ್ಲ. ಸದ್ದೂ ಬೋಟೂ ಒಟ್ಟಿಗೆ ಏರಿದವು. ಎದುರು ದಂಡೆ ಮುಟ್ಟಿ ವಾಪಸ್ ಬಂದು ಕವರ್ ತೆಗೆದು ಗನ್ ಹಿಡಿದೆ, 58 ಡಿಗ್ರಿ.

"ಬ್ಯಾಸಗ್ಯಾಗ ಕಲ್ಲು ತಾಗಿದ್ರ?" ಅಂತ ಕಾಕಾ ಕೇಳಿದ್ದು ಸರಿಯಾದ ಪ್ರಶ್ನೆ. ಈ ಮೋಟರಿನಲ್ಲಿ ತೆಳು ನೀರಿಗೆ ಅಂತ ಅರ್ಧ ಎತ್ತಿ ನಿಲ್ಲಿಸುವ ಖಾನೆ ಇದೆ. ಹಾಗೆ ಎತ್ತಿ ನಿಧಾನಕ್ಕೆ ಹೋಗಬಹುದು, ಜಾಲರಿ ನೀರಿನೊಳಗೆ ಮುಳುಗಿದೆ ಎಂದು ನೋಡಿಕೊಂಡರೆ ಸಾಕು. ದಂಡೆಯಲ್ಲಿ ಎರಡು ಸಲ ಎತ್ತಿ ಇಳಿಸಿ ತೋರಿಸಿದೆ.

ಖರ್ಚು

ಇಂಪೆಲ್ಲರ್ 950. ಪೂರ್ತಿ ಕಿಟ್ 2,900. ಥರ್ಮೋಸ್ಟಾಟ್ 1,150. ಹೆಡ್ ಗ್ಯಾಸ್ಕೆಟ್ 850. ಗೇರ್ ಆಯಿಲ್, ವಾಷರ್ 320. ವೆಲ್ಡಿಂಗ್, ಬೋಲ್ಟ್ 230. ಎಮರಿ, ನಿಂಬೆ ಉಪ್ಪು, ಸ್ಪ್ರೇ 410. ಕೊರಿಯರ್ 240. ಒಟ್ಟು 7,050 ರೂಪಾಯಿ, ಮಜೂರಿ ಬಿಟ್ಟು. ಮೊದಲೇ ಪೂರ್ತಿ ಕಿಟ್ ತರಿಸಿದ್ದರೆ 950 ಉಳಿಯುತ್ತಿತ್ತು. ಆ ಇಂಪೆಲ್ಲರ್ ಸವೆದ ಕಪ್ಪಿನಲ್ಲಿ ಸ್ವಲ್ಪ ಹೊತ್ತು ಓಡಿದೆ ಅಷ್ಟೇ, ರೆಕ್ಕೆ ಮೃದುವಾಗಿವೆ. ತೊಳೆದು, ರೆಕ್ಕೆ ಬಾಗದಂತೆ ಡಬ್ಬಿಯಲ್ಲಿ ಇಟ್ಟು, 12ರ ಪಾನಾ ಜೊತೆ ಬೋಟಿನ ಪೆಟ್ಟಿಗೆಯಲ್ಲೇ ಇರಲಿ ಎಂದು ಕೊಟ್ಟಿದ್ದೇನೆ.

ಬಾಕಿ ಇರುವುದು ಎರಡು. ದಂಡೆಗೆ ಹಚ್ಚಿದಾಗ ಉಗುಳುವ ತೂತಿಗೆ ಹಾಕಲು ಕಟ್ಟಿಗೆಯ ಬಿರಡೆ ಮಾಡಿ, ಅದಕ್ಕೆ ಕೆಂಪು ಬಟ್ಟೆ ಕಟ್ಟಿ ಸ್ಟಾರ್ಟ್ ಹಗ್ಗದ ಹಿಡಿಗೆ ಜೋತುಬಿಡಬೇಕು, ತೆಗೆಯಲು ಮರೆಯಬಾರದು ಅಂತ. ಮತ್ತೆ ಮುಂದಿನ ಮಳೆಗಾಲ ಕಳೆದು ಹೊಳೆ ತಿಳಿಯಾದ ಮೇಲೆ ಕಾಲು ಬಿಚ್ಚಿ ಪ್ಲೇಟಿನ ಸವೆತ ಅಳೆಯಬೇಕು. ಹೊಸ ಪ್ಲೇಟಿನ ದಪ್ಪವನ್ನು ವರ್ನಿಯರಿನಲ್ಲಿ ನೋಡಿ ಗೋಡೆಯ ಮೇಲೆ ಬರೆದಿಟ್ಟಿದ್ದೇನೆ.